ಏಳು ಎಂದವರು ಯಾರು?

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಆವತ್ತು ಊಟಕ್ಕೆ ಎಂಥ ಇತ್ತು ಮಾರಾಯ್ರೆ?" ಅಜೀರ್ಣ, ಜ್ವರ, ನಿದ್ದೆಗೇಡು, ಇಲ್ಲವೇ ಎರಡು ಪೆಗ್ಗು ಹೆಚ್ಚಾಗಿರುವುದು, ಇವುಗಳಲ್ಲಿ ಒಂದಾದರೂ ಇರದೆ ಯಾರಿಗೂ ಇಲ್ಲದ್ದು ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಎದುರಿಗಿದ್ದವರ ಮುಖ ಸಪ್ಪಗಾದರೆ ನನಗೆ ಒಳಗೊಳಗೇ ಖುಷಿ. ಈಗ ಸರದಿ ನನ್ನದು. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಆವತ್ತು ಊಟಕ್ಕೆ ಸಾನ್ನ, ಕೋಳಿಸಾರು, ಮಂಗಳೂರು ಬನ್ಸ್ ಇತ್ತು. ಹೊಟ್ಟೆ ಸರಿಯಿತ್ತು, ಮೈ ಬೆಚ್ಚಗಾಗಿರಲಿಲ್ಲ, ಕುಡಿದದ್ದು ನೀರು ಮತ್ತು ಮಜ್ಜಿಗೆ. ಹೊತ್ತು ಮಟಮಟ ಮಧ್ಯಾಹ್ನ.

ಆಗ ನಾನು ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಫ್ಯಾಬ್ರಿಕೇಶನ್ ಕಂಪನಿಯಲ್ಲಿ ಟೈಮ್‌ಕೀಪರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ತಲೆ ಎಣಿಸುವುದು. ಬೆಳಗ್ಗೆ ಐದಕ್ಕೆ ಲೇಬರ್ ಕ್ಯಾಂಪಿನ ಗೇಟಿನಲ್ಲಿ ನಿಂತು, ಯಾವ ಬಸ್ಸಿಗೆ ಎಷ್ಟು ಜನ ಹತ್ತಿದರು, ಸಂಜೆ ಎಷ್ಟು ಜನ ಇಳಿದರು ಎಂದು ಲೆಕ್ಕ ಇಡಬೇಕು. ನನಗೆ ಹಿಂದಿ ಬರುತ್ತದೆ, ತುಳು ಬರುತ್ತದೆ, ಮಲಯಾಳ ಒಂದು ಲೆಕ್ಕಕ್ಕೆ ಬರುತ್ತದೆ, ಅರಬ್ಬಿಯಲ್ಲಿ ಮುಗಿಯಿತು ಎನ್ನಲು ಖಲಾಸ್, ಇಲ್ಲ ಎನ್ನಲು ಮಾಫಿ ಎಂದು ಬದುಕುವಷ್ಟು ಬರುತ್ತದೆ. ಎಣಿಕೆ ಮಾತ್ರ ಕನ್ನಡದಲ್ಲೇ ಆಗಬೇಕು. ಬೇರೆ ಭಾಷೆಯಲ್ಲಿ ಎಣಿಸಿದರೆ ಇಪ್ಪತ್ತು ದಾಟುವಷ್ಟರಲ್ಲಿ ಮಂಡೆ ಹಾಳಾಗುತ್ತದೆ. ಕುಂದಾಪುರದ ಕಡೆಯವನಾದ ನನಗೆ ಮನೆಯ ಮಾತೂ ಕನ್ನಡವೇ.

ಒಮ್ಮೆ ಮದೀನತ್ ಜಾಯೆದ್ ಆಚೆಯ ಒಂದು ಸೈಟಿನಲ್ಲಿ ಈ ಎಣಿಕೆ ನನ್ನ ಕೈಕೊಟ್ಟಿತ್ತು. ಸಂಜೆ ಬಸ್ಸಿನಲ್ಲಿ ನಲವತ್ತೆರಡು ತಲೆ ಇರಬೇಕಿತ್ತು, ನಲವತ್ತೆರಡೇ ಇತ್ತು, ಕೈಬೀಸಿ ಕಳಿಸಿದೆ. ಅದರಲ್ಲೊಂದು ತಲೆ ಬೇರೆ ಕಂಪನಿಯದು. ನಮ್ಮ ವೆಲ್ಡರ್ ಒಬ್ಬ ಪೈಪಿನ ರಾಶಿಯ ಹಿಂದೆ ಬಿಸಿಲು ಬಡಿದು ಬಿದ್ದಿದ್ದ. ಕತ್ತಲಾದ ಮೇಲೆ ವಾಚ್‌ಮನ್ನನ ಕಣ್ಣಿಗೆ ಬಿದ್ದ ಕಾರಣ ಬದುಕಿದ. ಐದು ದಿನ ಆಸ್ಪತ್ರೆಯಲ್ಲಿದ್ದು ಬಂದವನು ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಲ್ಲಿಂದ ಮುಂದೆ ಎಣಿಕೆಯಲ್ಲಿ ಒಂದು ಹೆಚ್ಚು ಕಡಿಮೆ ಆದರೂ ಒಬ್ಬೊಬ್ಬರ ಮುಖ ನೋಡಿ ಮೊದಲಿನಿಂದ ಎಣಿಸುತ್ತೇನೆ.

ಬೆಟ್ಟ ಹತ್ತುವ ಹುಚ್ಚು ಹಿಡಿಸಿದವನು ಜಗದೀಶ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಉಡುಪಿಯವನು. ಆಗ ಶುಕ್ರವಾರ ರಜೆ. ಚಳಿಗಾಲದ ಶುಕ್ರವಾರಗಳಲ್ಲಿ ಅವನ ಗಾಡಿಯಲ್ಲಿ ನಸುಕಿಗೇ ಹೊರಟು ಬೆಟ್ಟ ಹತ್ತಿ ಸಂಜೆಗೆ ವಾಪಸು. ಗಲ್ಫ್ ಎಂದರೆ ಮರಳು, ಮಾಲ್, ಎ.ಸಿ. ಎಂದುಕೊಂಡಿದ್ದ ನಾನು ಮೊದಲ ಸಲ, ಒಮಾನಿನ ಗಡಿಯ ಹತ್ತಿರದ ಹತ್ತಾ ಎಂಬ ಊರಿನ ಬೆಟ್ಟಗಳನ್ನು ಕಂಡಾಗ ಬಾಯಿ ಮುಚ್ಚಲು ಮರೆತಿದ್ದೆ. ಹುಲ್ಲುಕಡ್ಡಿ ಇಲ್ಲ, ಆದರೂ ಎಂಥ ಬಣ್ಣ! ಒಂದು ಬೆಟ್ಟ ತುಕ್ಕು ಹಿಡಿದ ಕಬ್ಬಿಣದ ಕೆಂಪು, ಅದರ ಹಿಂದಿನದು ಬೂದಿ, ಅದಕ್ಕೂ ಹಿಂದಿನದು ನೇರಳೆ. ಬಿಸಿಲು ಏರಿದ ಹಾಗೆ ಅವು ಒಂದರ ಬಣ್ಣ ಇನ್ನೊಂದಕ್ಕೆ ಕೊಡುತ್ತಾ ಹೋಗುತ್ತವೆ. ಕಣಿವೆಯ ತಳದಲ್ಲಿ, ಇದೆಲ್ಲಿಂದ ಬಂತಪ್ಪ ಎನ್ನುವ ಹಾಗೆ, ಒಂದು ಹಿಡಿ ಹಸಿರು ಖರ್ಜೂರದ ತೋಟ. ನಮ್ಮ ಊರಿನ ಹಸಿರು ದಂಡಿಯಾಗಿ ಸಿಕ್ಕುವಂಥದ್ದು, ನಾವು ಬೆಲೆ ಕೊಡುವುದಿಲ್ಲ. ಇಲ್ಲಿ ಒಂದು ಗಿಡ ಕಂಡರೂ ನಿಂತು ನೋಡುವ ಮನಸ್ಸಾಗುತ್ತದೆ.

ಮೊದಲ ಸಲ ಹೋದಾಗ ನಡೆದ ಒಂದು ತಮಾಷೆ ಇಲ್ಲಿ ಹೇಳಲೇಬೇಕು. ಆವತ್ತು ಹತ್ತು ಹನ್ನೆರಡು ಜನ ಇದ್ದೆವು. ಎಲ್ಲರೂ ಸುಸ್ತಾಗಿ ಕೂತಿದ್ದಾಗ ಕಸುಬಿನ ಚಾಳಿಯಿಂದ ಒಬ್ಬೊಬ್ಬರಿಗೂ ಬೆರಳು ತೋರಿಸಿ ಎಣಿಸುತ್ತಾ ಬಂದೆ. ಲವೀನಕ್ಕನ ಎದುರು ಬಂದು "ಏಳು" ಎಂದೆ. ಆಕೆ ಧಡಕ್ಕನೆ ಎದ್ದು ನಿಂತು, "ಎಂಥದು ನೀವು, ಮರ್ಯಾದೆ ಇಲ್ವಾ? ಏಳಿ ಅಂತ ಹೇಳ್ಲಿಕ್ಕೆ ಬರುದಿಲ್ವಾ?" ಎಂದು ಮುಖ ಕೆಂಪು ಮಾಡಿದಳು. ಲವೀನಕ್ಕ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಮನೆಯಲ್ಲಿ ಕೊಂಕಣಿ, ಆದರೆ ಶಾಲೆಯಲ್ಲಿ ಕನ್ನಡ ಕಲಿತವಳು, ಏಕವಚನ ಬಹುವಚನದಲ್ಲಿ ನಮಗಿಂತ ಕಟ್ಟುನಿಟ್ಟು. ನಾನು ಹೇಳಿದ್ದು ಲೆಕ್ಕದ ಏಳು ಎಂದು ತಿಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಮ್ಮ ಗುಂಪಿನಲ್ಲಿ ಒಂದು ಶಾಸ್ತ್ರವಾಯಿತು. ಎಣಿಸುವಾಗ ಏಳು ಎನ್ನುವಂತಿಲ್ಲ. ಆರರ ಮೇಲೆ "ಸಾತ್", ಆಮೇಲೆ ಎಂಟು. ನನ್ನ ನಾಲಗೆ ಅದಕ್ಕೆ ಎಷ್ಟು ಒಗ್ಗಿತೆಂದರೆ ಕಂಪನಿಯ ಬಸ್ಸಿನಲ್ಲೂ ಸಾತ್ ಎನ್ನತೊಡಗಿದ್ದೆ.

ನಾನು ಹೇಳುತ್ತಿರುವ ಶುಕ್ರವಾರ ನಾವಿದ್ದದ್ದು ಆರೇ ಜನ. ಜಗದೀಶ, ಅವನ ಹೆಂಡತಿ ಶಕುಂತಳಾ, ಒಂಬತ್ತು ವರ್ಷದ ಮಗಳು ಇಶಾ, ಲವೀನಕ್ಕ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವಳ ಗಂಡ ವಿಲ್ಫ್ರೆಡ್, ಮತ್ತು ನಾನು. ಹತ್ತಾ ಪೇಟೆಯಿಂದ ಸಾಕಷ್ಟು ದೂರ, ಬೆಟ್ಟದ ನೆತ್ತಿಯ ಮೇಲೊಂದು ಹಳೆಯ ಕಾವಲು ಗೋಪುರ ಇದೆ ಎಂದು ಜಗದೀಶ ಯಾರಿಂದಲೋ ಕೇಳಿಕೊಂಡು ಬಂದಿದ್ದ. ಕೆಳಗಿನ ಒಂದು ಖರ್ಜೂರದ ತೋಟದ ಪಕ್ಕದ ದಿಬ್ಬದಲ್ಲಿ ಗಾಡಿ ನಿಲ್ಲಿಸಿ, ಒಣಗಿದ ಹೊಳೆಯ ಜಲ್ಲಿಯಲ್ಲಿ ಸ್ವಲ್ಪ ದೂರ ನಡೆದು, ಆಮೇಲೆ ಎರಡು ಗಂಟೆ ಹತ್ತಿದೆವು.

ಗೋಪುರ ಕಂಡು ನನಗೆ ಕೈಮುಗಿಯುವ ಹಾಗಾಯಿತು. ಮಣ್ಣು, ಕಲ್ಲು, ಅಷ್ಟೇ. ದುಂಡಗಿನ ಗೋಡೆ, ಮೇಲೆ ಹೋದಂತೆ ಸಪೂರ. ಬಾಗಿಲು ಮಾತ್ರ ನೆಲಕ್ಕಿಲ್ಲ, ಒಂದೂವರೆ ಆಳು ಎತ್ತರದಲ್ಲಿ! ಕಾವಲಿನವರು ಹಗ್ಗ ಹಿಡಿದು ಹತ್ತಿ ಹಗ್ಗವನ್ನೂ ಮೇಲೆ ಎಳೆದುಕೊಳ್ಳುತ್ತಿದ್ದರಂತೆ. ದೂರದಲ್ಲಿ ಯಾರಾದರೂ ಬರುವುದು ಕಂಡರೆ ಬೆಂಕಿ ಹಾಕಿ ಹೊಗೆ ಎಬ್ಬಿಸಿ ಕೆಳಗಿನವರಿಗೆ ತಿಳಿಸುತ್ತಿದ್ದರಂತೆ. ಅಷ್ಟು ಎತ್ತರಕ್ಕೆ ಒಂದೊಂದೇ ಕಲ್ಲು ಹೊತ್ತವರ ಬೆನ್ನು ಎಂಥದ್ದಿರಬೇಕು! ಅಲ್ಲಿ ನಿಂತರೆ ಕಣಿವೆಯ ಮೂಲೆಮೂಲೆಯೂ ಕಾಣುತ್ತಿತ್ತು. ಬರುವವರು ಎಷ್ಟು ಜನ, ಒಂಟೆ ಎಷ್ಟು ಎಂದು ನೋಡಿ ಹೇಳುವುದೇ ಅವರ ಕೆಲಸ, ಅಂದರೆ ಅವರೂ ನನ್ನ ಕಸುಬಿನವರೇ ಎಂದು ನಾನು ಹೇಳಿದೆ. "ನಿಮ್ಮ ಹಾಗೆ ಓವರ್‌ಟೈಮ್ ಕಟ್ ಮಾಡ್ತಿರಲಿಲ್ಲ ಬಿಡಿ ಅವರು" ಎಂದು ವಿಲ್ಫ್ರೆಡ್ ಕಾಲೆಳೆದ. ಆಕಾಶ ತೊಳೆದಿಟ್ಟ ಹಾಗಿತ್ತು. ಬಹಳ ದೂರ, ಒಮಾನಿನ ಕಡೆಯ ಬೆಟ್ಟಗಳ ಮೇಲೆ ಒಂದು ಕಪ್ಪು ಮೋಡ ಕೂತಿತ್ತು. ಫೋಟೋ ಚೆನ್ನಾಗಿ ಬರುತ್ತದೆ ಎಂದು ಅದನ್ನೂ ಸೇರಿಸಿ ತೆಗೆದೆವು. ನಮ್ಮ ದಡ್ಡತನಕ್ಕೆ ಆ ಫೋಟೋ ಈಗಲೂ ಸಾಕ್ಷಿಯಾಗಿದೆ.

ಇಳಿದು ಬಂದು ಹೊಳೆಯ ಜಲ್ಲಿಯಲ್ಲೇ, ಬೆಟ್ಟದ ನೆರಳು ಬಿದ್ದ ಕಡೆ ಚಾಪೆ ಹಾಸಿ ಊಟ ಮಾಡಿದೆವು. ಕಾಲು ಸೋತಿತ್ತು, ಹೊಟ್ಟೆ ತುಂಬಿತ್ತು, ತಣ್ಣನೆ ಗಾಳಿ. ಒಂದರ್ಧ ಗಂಟೆ ಎಂದು ಎಲ್ಲರೂ ಕಾಲು ಚಾಚಿದೆವು. ಒಣ ಹೊಳೆಯಲ್ಲಿ ಮಲಗಬಾರದು ಎಂದು ಅಲ್ಲಿನ ಮಕ್ಕಳಿಗೂ ಗೊತ್ತು. ಕರಾವಳಿಯಲ್ಲಿ ಹುಟ್ಟಿದ ನಮಗೆ, ಮಳೆ ಬಂದರೆ ಮಳೆ, ಬಿಸಿಲು ಬಂದರೆ ಬಿಸಿಲು. ನೆತ್ತಿಯ ಮೇಲೆ ಬಿಸಿಲು ಹೊಡೆಯುವಾಗ ಎಲ್ಲಿಯೋ ಬಿದ್ದ ಮಳೆ ಇಲ್ಲಿಗೆ ನಡೆದುಕೊಂಡು ಬರುತ್ತದೆ ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ನಾವು ಮಲಗಿದ್ದ ರೀತಿ ಹೇಳುತ್ತೇನೆ, ಅದು ಮುಖ್ಯ. ಒಂದು ತುದಿಯಲ್ಲಿ ನಾನು. ಸ್ವಲ್ಪ ಬಿಟ್ಟು ವಿಲ್ಫ್ರೆಡ್ ಮತ್ತು ಲವೀನಕ್ಕ ಒಂದೇ ಚಾಪೆಯಲ್ಲಿ. ಅವರಿಂದ ಆಚೆ ಒಂದು ಸಣ್ಣ ಕಲ್ಲಿಗೆ ಒರಗಿ ಜಗದೀಶ ಒಬ್ಬನೇ. ಇನ್ನೂ ಆಚೆ ಶಕುಂತಳಾ, ಅವಳ ಮಗ್ಗುಲಲ್ಲಿ ಇಶಾ. ಅದರಾಚೆ ಲಾರಿಯಷ್ಟು ದೊಡ್ಡ ಬಂಡೆಯೊಂದು ದಾರಿಗೆ ಅಡ್ಡವಿತ್ತು, ಅದರ ಹಿಂದೆ ಏನಿದೆಯೆಂದು ನಮಗೆ ಕಾಣುತ್ತಿರಲಿಲ್ಲ.

ಎಣಿಕೆ ಕೇಳಿಸಿತು. "ಒಂದು." ಒಂದು ಗಳಿಗೆ ತಡೆದು, "ಎರಡು ಮೂರು" ಎಂದು ಒಟ್ಟಿಗೆ. ಮತ್ತೆ ತಡೆದು, "ನಾಲ್ಕು." ಮತ್ತೆ, "ಐದು ಆರು" ಒಟ್ಟಿಗೆ. ಗಂಡು ದನಿಯೋ ಹೆಣ್ಣು ದನಿಯೋ ಹೇಳಲಾರೆ. ಗಡಿಬಿಡಿ ಇಲ್ಲ, ಭಯ ಹುಟ್ಟಿಸುವಂಥದ್ದೂ ಇಲ್ಲ. ದಿನಾ ಎಣಿಸಿ ಎಣಿಸಿ ಬೇಸತ್ತವರ ದನಿ, ನಡೆದುಕೊಂಡು ಹೋಗುತ್ತಾ ಎಣಿಸುವವರ ದನಿ. ನಾನು ಅರೆನಿದ್ದೆಯಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತಿದ್ದೇನೆ, ನಾನೇ ಎಣಿಸುತ್ತಿದ್ದೇನೆ ಎಂದುಕೊಂಡೆ. ಆಮೇಲೆ ನನ್ನ ಬಾಯಿ ಮುಚ್ಚಿದೆ ಎಂದು ಗೊತ್ತಾಯಿತು. ಆರರ ನಂತರ ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಮುಗಿಯಿತು ಎನ್ನುವಷ್ಟರಲ್ಲಿ, ಸ್ವಲ್ಪ ದೂರದಿಂದ, ಸ್ಪಷ್ಟವಾಗಿ "ಏಳು" ಎಂದು ಬಂತು.

ನಾನು ಎದ್ದು ಕೂತೆ. ಲವೀನಕ್ಕ ನನಗಿಂತ ಮೊದಲೇ ಎದ್ದಿದ್ದಳು. "ಎಂಥದು ಏಳು ಅಂತ? ಎಷ್ಟು ಸಲ ಹೇಳಿದ್ರೂ ನಿಮಗೆ ಬುದ್ಧಿ ಬರುದಿಲ್ವಾ ಟೈಮ್‌ಕೀಪ್ರೆ?"

"ನಾನಲ್ಲ ಲವೀನಕ್ಕ. ದೇವರಾಣೆ, ನಾನು ಬಾಯಿ ಬಿಡಲಿಲ್ಲ."

"ಮತ್ತೆ ಯಾರು, ಬೆಟ್ಟವಾ?"

ಅವಳ ಗಲಾಟೆಗೆ ಉಳಿದವರೂ ಎದ್ದರು. ವಿಲ್ಫ್ರೆಡ್‌ಗೆ ಏನೂ ಕೇಳಿಸಿರಲಿಲ್ಲ. ಶಕುಂತಳೆಗೆ ಯಾರೋ ಗುಣುಗುಣು ಮಾಡಿದ್ದು ಕೇಳಿಸಿತ್ತು, ನಾನೆಂದುಕೊಂಡಿದ್ದಳು. ಇಶಾ ಕಣ್ಣುಜ್ಜುತ್ತಾ "ವಾಟ್ ಹ್ಯಾಪನ್ಡ್?" ಎಂದಳು. ಆ ಮಗುವಿಗೆ ಕನ್ನಡದಲ್ಲಿ ಐದರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಜಗದೀಶ ಆಕಳಿಸಿ, "ಯಾರೋ ಏಳು ಅಂದ್ರು, ಎದ್ದಾಯ್ತಲ್ಲ ಮಾರಾಯ, ಬಿಡು. ಯಲ್ಲಾ, ಬನ್ನಿ ಬನ್ನಿ, ಫ್ಲಾಸ್ಕ್ ತೆಗೀರಿ, ಚಾ ಕುಡಿಯುವ" ಎಂದ.

ನನಗೆ ಮಾತ್ರ ಬಿಡಲಾಗಲಿಲ್ಲ. ಎದ್ದೇಳಲು ಹೇಳಿದ್ದಾದರೆ ಮಲಗಿದ್ದವರು ಆರು ಜನ, "ಏಳಿ" ಎನ್ನಬೇಕಿತ್ತು. ಆರು ಜನಕ್ಕೆ "ಏಳು" ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಅದು ಲೆಕ್ಕದ ಏಳು. ಅದರ ಮೇಲೆ ಆ ಎಣಿಕೆ ನಾವು ಮಲಗಿದ ಹಾಗೆಯೇ ಬಂದಿತ್ತು: ನಾನು ಒಂದು, ಗಂಡಹೆಂಡತಿ ಎರಡು ಮೂರು, ಜಗದೀಶ ನಾಲ್ಕು, ತಾಯಿಮಗಳು ಐದು ಆರು. ಆಮೇಲೆ ಉದ್ದದ ನಿಲುಗಡೆ. ಆ ಬಂಡೆಯನ್ನು ಸುತ್ತಿ ಹೋಗಲು ಬೇಕಾಗುವಷ್ಟು ಹೊತ್ತು. ಇದು ಹೊಳೆದಾಗ ಎದ್ದು ನಿಂತೆ. ಪೈಪಿನ ರಾಶಿಯ ಹಿಂದೆ ಬಿದ್ದಿದ್ದ ವೆಲ್ಡರ್ ಕಣ್ಣಿಗೆ ಬಂದ. "ಒಬ್ಬ ಜಾಸ್ತಿ ಇದ್ದಾನೆ" ಎಂದು ಹೇಳಿ ಓಡಿದೆ. "ಇವ್ರಿಗೆ ಮಂಡೆ ಬಿಸಿಲಿಗೆ ಹೋಗಿದೆ" ಎಂದು ಲವೀನಕ್ಕ ಹಿಂದಿನಿಂದ ಹೇಳುತ್ತಿದ್ದಳು.

ಬಂಡೆಯ ಹಿಂದೆ ಮನುಷ್ಯನಿದ್ದ. ನಲವತ್ತರ ಆಸುಪಾಸಿನವನು, ಪಕ್ಕದಲ್ಲಿ ಸಲಿಕೆ, ಮುಖದ ಮೇಲೆ ಕೆಂಪು ಗೆರೆಯ ಟವೆಲು, ಸತ್ತಂತೆ ಮಲಗಿದ್ದ. ಲೆಕ್ಕ ಸರಿಹೋದ ಸಮಾಧಾನಕ್ಕೆ ನಾನು ಒಬ್ಬನೇ ನಕ್ಕೆ. "ಸಾತ್ ಸಿಕ್ಕಿದ!" ಎಂದು ನಮ್ಮವರಿಗೆ ಕೇಳುವಂತೆ ಕೂಗಿದೆ. ಕೂಗಿದರೂ ಅವನು ಮಿಸುಕಲಿಲ್ಲ. ಗಾಬರಿಯಾಗಿ ಭುಜ ಹಿಡಿದು ಅಲುಗಾಡಿಸಿದೆ. ಮೈ ಕೆಂಡ. ಹಿಂದಿಯಲ್ಲಿ ಎಬ್ಬಿಸಬೇಕೆಂಬುದೂ ಮರೆತು "ಏಳು, ಏಳು ಮಾರಾಯ" ಎಂದು ಬಡಬಡಿಸಿದೆ. ಅವನು ಬೆಚ್ಚಿ ಎದ್ದು ಕೂತ. ನನ್ನನ್ನು ಯಾರೋ ಸಾಹೇಬ ಎಂದುಕೊಂಡು "ಸಾಬ್, ಆಜ್ ಜುಮ್ಮಾ ಹೈ, ಛುಟ್ಟಿ ಹೈ" ಎಂದು ಶುಕ್ರವಾರದ ರಜೆಯ ಸಮಜಾಯಿಷಿ ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ತಲೆ ಓರೆ ಮಾಡಿ ಆಲಿಸಿದ. ಅಂಗೈಯನ್ನು ಜಲ್ಲಿಯ ಮೇಲೆ ಊರಿದ. ನನಗೆ ಏನೂ ಕೇಳಿಸುತ್ತಿರಲಿಲ್ಲ, ಗಾಳಿಯಲ್ಲಿ ಮಾತ್ರ ಹಸಿಮಣ್ಣಿನ ವಾಸನೆ ಇತ್ತು.

"ಪಾನಿ" ಎಂದ. "ಔರ್ ಕೌನ್ ಹೈ ಇಧರ್?" ನೀರು ಬರುತ್ತಿದೆ, ಇಲ್ಲಿ ಬೇರೆ ಯಾರಿದ್ದಾರೆ?

"ಪಾಂಚ್ ಆದ್ಮಿ. ಅದ್ರಲ್ಲಿ ಒಂದು ಮಗು" ಎಂದೆ, ಅರ್ಧ ಹಿಂದಿ ಅರ್ಧ ಕನ್ನಡ.

ಅವನು ಮಲಗಿದ್ದ ಜಾಗದ ಪಕ್ಕದಲ್ಲೇ, ಬೆಟ್ಟದ ಬದಿಯಲ್ಲಿ, ಮೇಲಕ್ಕೆ ಕಡಿದ ಮೆಟ್ಟಿಲುಗಳಿದ್ದವು. ನಾಲ್ಕು ಹೆಜ್ಜೆ ಹಾಕಿದ್ದರೆ ಅವನು ಪಾರು. ಆ ಮಹಾನುಭಾವ ಅದರ ಕಡೆ ತಿರುಗಿಯೂ ನೋಡದೆ, ಜ್ವರದ ಮೈಯಲ್ಲಿ, ಬರಿಗಾಲಲ್ಲಿ ನಮ್ಮವರಿದ್ದಲ್ಲಿಗೆ ಓಡಿದ. ಫ್ಲಾಸ್ಕಿನಿಂದ ಚಾ ಬಗ್ಗಿಸುತ್ತಿದ್ದ ಜಗದೀಶನ ಕೈ ತಟ್ಟಿದ, ಇಶಾಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ, "ಊಪರ್, ಊಪರ್" ಎಂದು ಕಿರುಚುತ್ತಾ ಮೆಟ್ಟಿಲ ಕಡೆ ತಿರುಗಿ ಓಡಿದ. ಮಗುವನ್ನು ಯಾರೋ ಎತ್ತಿಕೊಂಡು ಓಡುತ್ತಿದ್ದಾನೆ ಎಂದು ಶಕುಂತಳಾ ಬೊಬ್ಬೆ ಹಾಕುತ್ತಾ ಬೆನ್ನಟ್ಟಿದಳು, ಅವಳ ಹಿಂದೆ ಎಲ್ಲರೂ. ವಿಲ್ಫ್ರೆಡ್ ಐಸ್ ಬಾಕ್ಸಿಗಾಗಿ ಹಿಂದಿರುಗಿದ್ದನ್ನು ಕಂಡು ಲವೀನಕ್ಕ ಕೊಂಕಣಿಯಲ್ಲಿ ಏನು ಬೈದಳೋ, ಅವನು ಬಾಕ್ಸು ಬಿಸಾಡಿ ಓಡಿಬಂದ. ಅಷ್ಟರಲ್ಲಿ ನನಗೂ ಕೇಳಿಸಿತು, ಲಾರಿಯಿಂದ ಜಲ್ಲಿ ಸುರಿಯುವಾಗಿನ ಸದ್ದು, ನಿಲ್ಲದೆ.

ನಾವು ಮೆಟ್ಟಿಲು ಹತ್ತಿ, ಮೇಲೆ ತೋಟಕ್ಕೆ ನೀರು ಒಯ್ಯುವ ಕಲ್ಲುಕಾಲುವೆಯ ಕಟ್ಟೆ ಮುಟ್ಟಿದೆವು. ವಿಲ್ಫ್ರೆಡ್ ಕೊನೆಯ ಮೆಟ್ಟಿಲಲ್ಲಿದ್ದಾಗ ನೀರು ತಿರುವಿನಲ್ಲಿ ಕಾಣಿಸಿತು. ಕೆಂಪು ನೀರು, ಮುಂದುಗಡೆ ನೊರೆ, ಖರ್ಜೂರದ ಗರಿ, ಮುಳ್ಳುಗಿಡ, ಒಂದು ಪ್ಲಾಸ್ಟಿಕ್ ಕುರ್ಚಿ. ಮೊದಲು ಮೊಣಕಾಲುದ್ದ, ಕಣ್ಣುಮುಚ್ಚಿ ತೆರೆಯುವುದರೊಳಗೆ ಎದೆಯುದ್ದ. ನಾವು ಮಲಗಿದ್ದ ಚಾಪೆಗಳು ಎಲ್ಲಿ ಹೋದವೋ ಕಾಣಲೇ ಇಲ್ಲ. ನೀರಿನ ಅಡಿಯಲ್ಲಿ ಬಂಡೆಗೆ ಬಂಡೆ ಬಡಿಯುವ ಶಬ್ದ ಕಟ್ಟೆಯ ಕಲ್ಲಿನಿಂದ ನಮ್ಮ ಬೆನ್ನಿಗೆ ಬರುತ್ತಿತ್ತು. ಲವೀನಕ್ಕ ಶಿಲುಬೆಯ ಗುರುತು ಮಾಡಿಕೊಂಡಳು. ಜಗದೀಶ ಮಗಳನ್ನು ಅಪ್ಪಿಕೊಂಡು ಅತ್ತ. ನಾನೂ ಅತ್ತೆ, ಮುಚ್ಚಿಡುವುದೇನು. ಮೇಲೆ ಆಕಾಶ ಆಗಲೂ ಶುಭ್ರ ನೀಲಿ. ಅಂಥ ಹೊತ್ತಿನಲ್ಲೂ ಆ ಕೆಂಪು ನೀರು ಆ ಬರಡು ಬೆಟ್ಟಗಳ ನಡುವೆ ಹರಿಯುವುದನ್ನು ನೋಡಿ, ಎಷ್ಟು ಚಂದ ಎಂದು ಒಂದು ಸಲ ಅನ್ನಿಸಿದ್ದು ಸುಳ್ಳಲ್ಲ.

ಆಮೇಲೆ ನಾವು ಈ ವಿಷಯ ಎಷ್ಟು ಸಲ ಮಾತಾಡಿದ್ದೇವೋ ಲೆಕ್ಕವಿಲ್ಲ. ನೀರಿನ ಸದ್ದು ಮೊದಲೇ ನನ್ನ ಕಿವಿಗೆ ಬಿದ್ದು ನಿದ್ದೆಯಲ್ಲಿ ಎಣಿಕೆಯಾಗಿರಬೇಕು ಎನ್ನುತ್ತಾನೆ ವಿಲ್ಫ್ರೆಡ್. ಇರಲಿ, ಆದರೆ ಲವೀನಕ್ಕನ ಕಿವಿಗೂ ಅದೇ ಶಬ್ದ ಹೇಗೆ ಬಿತ್ತು? ನಾನು ನಿದ್ದೆಗಣ್ಣಲ್ಲಿ ಎಣಿಸಿರಬೇಕು ಎನ್ನುತ್ತಾಳೆ ಶಕುಂತಳಾ. ನಾನಾಗಿದ್ದರೆ ಸಾತ್ ಎನ್ನುತ್ತಿದ್ದೆ, ಮೇಲಾಗಿ ಬಂಡೆಯ ಹಿಂದಿನವನು ನನಗೆ ಕಂಡಿರಲೇ ಇಲ್ಲ. ಗೋಪುರದ ಕಾವಲಿನವರು ಎನ್ನುತ್ತಾನೆ ಜಗದೀಶ, ತಮಾಷೆಗೋ ನಿಜಕ್ಕೋ. ಅರಬ್ಬಿ ಕಾವಲುಗಾರನಿಗೆ ಕನ್ನಡದ ಲೆಕ್ಕ ಕಲಿಸಿದವರು ಯಾರಪ್ಪ? ಲವೀನಕ್ಕ ಮಾತ್ರ ಇವತ್ತಿಗೂ ಅದು ಲೆಕ್ಕವಲ್ಲ ಎನ್ನುತ್ತಾಳೆ. ಎಬ್ಬಿಸಿದ್ದೇ ಹೌದು, ಎಬ್ಬಿಸುವವರು ನಮಗಿಂತ ದೊಡ್ಡವರಾದರೆ ಏಕವಚನದಲ್ಲೇ ಕರೆಯುತ್ತಾರೆ ಎಂದು ಅವಳ ವಾದ. ಲೆಕ್ಕ ಎಂದುಕೊಂಡ ಕಾರಣಕ್ಕೆ ನಾನು ಬಂಡೆಯ ಹಿಂದಿನವನನ್ನು ಹುಡುಕಿದೆ, ಅವನು ಎದ್ದ ಕಾರಣಕ್ಕೆ ನಾವು ಉಳಿದೆವು. ಇಬ್ಬರಲ್ಲಿ ಯಾರು ಸರಿ ಎಂದು ನನಗೆ ಹೇಳಲು ಬರುವುದಿಲ್ಲ.

ಅವನ ಹೆಸರು ಮಜೀದ್, ಬಾಂಗ್ಲಾದೇಶದವನು. ಮೇಲಿನ ಖರ್ಜೂರದ ತೋಟದಲ್ಲಿ ಒಬ್ಬನೇ ಕೆಲಸಕ್ಕಿದ್ದ. ಹಿಂದಿನ ದಿನದಿಂದ ಜ್ವರ, ಮಾತ್ರೆ ನುಂಗಿ ತಣ್ಣಗಿದೆ ಎಂದು ಹೊಳೆಗೆ ಬಂದು ಮಲಗಿದ್ದ. ನೀರು ಇಳಿಯುವುದನ್ನು ಕಾಯುತ್ತಾ ಕಟ್ಟೆಯ ಮೇಲೆ ಕೂತಿದ್ದಾಗ ಲವೀನಕ್ಕ ಅವನ ನಾಡಿ ನೋಡಿದಳು, ಶಕುಂತಳಾ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವನಿಗೆ ಅದೆಲ್ಲ ಮುಜುಗರ. ಅವನು ನನ್ನನ್ನೇ ನೋಡುತ್ತಿದ್ದ. "ನೀವು ಕೂತಲ್ಲಿಂದ ನಾನು ಕಾಣುವುದಿಲ್ಲ, ನಾನು ಅಲ್ಲಿರುವುದು ಯಾರಿಗೂ ಗೊತ್ತಿಲ್ಲ, ಯಜಮಾನ ಬರುವುದು ಇನ್ನು ಮುಂದಿನ ವಾರ, ನಿಮಗೆ ಯಾರು ಹೇಳಿದರು?" ಎಂದು ಕೇಳಿದ.

ಹೇಳಲು ಹೊರಟೆ. ಹಿಂದಿಯಲ್ಲಿ ಸಾತ್ ಬೇರೆ, ಉಠೋ ಬೇರೆ. ಒಂದೇ ಮಾತು ಎರಡೂ ಆಗಿತ್ತು ಎಂದು ಅವನಿಗೆ ತಿಳಿಸುವುದು ಹೇಗೆ? ಕೊನೆಗೆ, "ನಾವು ಆರು ಜನ. ಎಣಿಕೆಯಲ್ಲಿ ಏಳು ಬಂತು. ಏಳನೆಯವನು ನೀನು" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ.

ಅವನು ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಮೆಲ್ಲಗೆ, "ಕಿಸ್ಕಾ ಗಿನತಿ ಮೇ?" ಎಂದ. ಯಾರ ಎಣಿಕೆಯಲ್ಲಿ?

ದಿನಾ ಬೆಳಗ್ಗೆ ನೂರಾರು ಜನರನ್ನು ಎಣಿಸಿ ಅಡಿಯಲ್ಲಿ ಸಹಿ ಹಾಕುವ ಮನುಷ್ಯ ನಾನು. "ಗೊತ್ತಿಲ್ಲ ಭಾಯ್" ಎಂದೆ. ಮಜೀದ್ ತಲೆಯಾಡಿಸಿದ. ಟವೆಲಿನಲ್ಲಿ ಮುಖ ಒರೆಸಿಕೊಂಡು ಎದ್ದ. ತೋಟದ ಕಾಲುವೆಗೆ ಮಣ್ಣು ತುಂಬಿರುತ್ತದೆ, ನೋಡಬೇಕು ಎಂದು ಹೇಳಿ, ಜ್ವರದ ಮೈಯಲ್ಲೇ ಕಟ್ಟೆಯ ಅಂಚು ಹಿಡಿದು ಮೇಲಕ್ಕೆ ನಡೆದ. ತಿರುವಿನಲ್ಲಿ ಮರೆಯಾಗುವ ಮೊದಲು ಒಮ್ಮೆ ನಿಂತು, ತನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂಬಂತೆ ತಿರುಗಿ ನೋಡಿದ.